ಕೋಡ್ ಬರೆದು ಮ್ಯೂಸಿಕ್ ಮಾಡೋನು ಸಂಗೀತಗಾರನಾ, ಬರೀ ಕಂಪ್ಯೂಟರ್ ಆಪರೇಟರಾ?

ಬೋಗಾದಿ_ಬೀಟ್ಸ್
ನಮಸ್ಕಾರ ಎಲ್ರಿಗೂ. ಒಂದು ವಿಷ್ಯ ತಲೆ ತಿಂತಾ ಇದೆ, ಕೇಳ್ಬಿಡೋಣ ಅಂತ. ನಾನು ಮೈಸೂರು, ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲ್ಸ, ರಾತ್ರಿ ಪ್ಯೂರ್ ಡೇಟಾ ಮತ್ತೆ ಸೂಪರ್‌ಕೊಲೈಡರ್ ಅನ್ನೋ ಸಂಗೀತದ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಇಟ್ಕೊಂಡು ಮ್ಯೂಸಿಕ್ ಮಾಡ್ತೀನಿ. ರೆಡಿ ಲೂಪ್ ಎಳ್ಕೊಂಡು ಅಂಟಿಸೋ ಕೆಲ್ಸ ಅಲ್ಲ, ನಾದ ಹುಟ್ಟಿಸೋ ಆಸಿಲೇಟರಿಂದ ಹಿಡಿದು ಅದನ್ನ ತಿದ್ದೋ ಫಿಲ್ಟರ್, ಎನ್ವಲಪ್, ಯಾವ ಸ್ವರ ಆದ್ಮೇಲೆ ಯಾವ ಸ್ವರ ಬರ್ಬಹುದು ಅನ್ನೋ ನಿಯಮದ ತನಕ ಎಲ್ಲಾ ನಾನೇ ಕಟ್ಟೋದು. ಮೊನ್ನೆ ಒಂದು ಕಾಲೇಜ್ ಫೆಸ್ಟಲ್ಲಿ ಸ್ಲಾಟ್ ಕೇಳಕ್ಕೆ ಹೋದೆ, ಫಾರ್ಮಲ್ಲಿ 'ವಾದ್ಯ' ಅಂತ ಕಾಲಂ ಇತ್ತು, ಲ್ಯಾಪ್‌ಟಾಪ್ ಅಂತ ಬರೆದೆ. 'ಬ್ರೋ, ಡಿಜೆ ಕೆಟಗರಿ ಬೇರೆ ಇದೆ' ಅಂದ್ರು. ನಾನು ಡಿಜೆ ಅಲ್ಲಪ್ಪ ಅಂದಿದ್ದಕ್ಕೆ ಪಕ್ಕದಲ್ಲಿದ್ದ ಕೀಬೋರ್ಡ್ ಪ್ಲೇಯರ್ ಒಬ್ರು 'ಹಂಗಾದ್ರೆ ಕಂಪ್ಯೂಟರ್ ಆಪರೇಟರ್ ಅಂತ ಬರ್ಕೊಳ್ಳಿ' ಅಂತ ನಕ್ರು. ಸ್ಲಾಟ್ ಸಿಗ್ಲಿಲ್ಲ, ಅದು ಬಿಡಿ. ನನ್ನ ಪ್ರಶ್ನೆ ಇಷ್ಟೇ, ವಾದ್ಯ ಕೈಲಿ ಮುಟ್ಟದೆ ಪ್ರೋಗ್ರಾಂ ಬರೆದು ನಾದ ಹೊರಡ್ಸೋನು ಸಂಗೀತಗಾರ ಹೌದಾ ಅಲ್ವಾ? ಮನಸ್ಸಲ್ಲಿ ಇರೋದನ್ನ ಹೇಳಿ, ಬೇಜಾರಿಲ್ಲ.

ಮದ್ದೂರ್_ವಡೆ
ಡಿಜೆ ಕೆಟಗರಿಲೇ ಹೋಗ್ಬೇಕಿತ್ತು ಗುರು, ಪ್ರೈಜ್ ದುಡ್ಡು ಅಲ್ಲೇ ಜಾಸ್ತಿ ಇರೋದು.

ಅಗ್ರಹಾರದ_ರಾಯರು
ಮನಸ್ಸಲ್ಲಿರೋದು ಹೇಳಿ ಅಂದ್ರಲ್ಲ, ಹೇಳ್ತೀನಿ. ಅಲ್ಲ. ಸಂಗೀತಗಾರ ಅನ್ನಿಸ್ಕೊಳ್ಳೋಕೆ ಸಾಧನೆ ಬೇಕು. ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಮೂರು ಕಾಲದಲ್ಲಿ ವರ್ಷಗಟ್ಟಲೆ ಹಾಡಿ, ಬೆರಳು ಒಡೆದು, ಗಂಟಲು ಕಟ್ಟಿ, ಗುರುಗಳ ಹತ್ರ ಬೈಸ್ಕೊಂಡು ಬರೋದು ಅದು. ವೀಣೆ ಶೇಷಣ್ಣನವರು ಇದ್ದ ಊರು ಕಣಪ್ಪಾ ಇದು. ನೀವು ತಪ್ಪು ಮಾಡಿದ್ರೆ ಅಳಿಸಿ ಇನ್ನೊಂದ್ಸಲ ಬರೀತೀರಾ, ಕಛೇರಿಲಿ ಒಂದು ಸ್ವರ ಜಾರಿದ್ರೆ ಮುಂದಿನ ಸಾಲಲ್ಲಿ ಕೂತಿರೋ ಹಿರಿಯರು ತಲೆ ಎತ್ತಿ ನೋಡ್ತಾರೆ. ಆ ಭಯ ಇಲ್ದೇ ಇರೋ ಕಡೆ ಸಂಗೀತ ಎಲ್ಲಿಂದ ಬರುತ್ತೆ? ನಿಮ್ಮ ಕೆಲ್ಸ ಕೀಳು ಅಂತಲ್ಲ, ಅದು ಇಂಜಿನಿಯರಿಂಗು ಅಂತ ಅಷ್ಟೇ.

ಬೋಗಾದಿ_ಬೀಟ್ಸ್
ರಾಯರೇ, ಲೈವಲ್ಲಿ ನನ್ನ ಪ್ಯಾಚ್, ಅಂದ್ರೆ ಪ್ರೋಗ್ರಾಂ, ಕ್ರ್ಯಾಶ್ ಆದ್ರೆ ಹಿರಿಯರೇನು, ಇಡೀ ಹಾಲ್ ತಲೆ ಎತ್ತಿ ನೋಡುತ್ತೆ ಸಾರ್.

ರಿದಮ್‌ಪ್ಯಾಡ್_ಮಂಡ್ಯ
ನಾನು ವಸಿ ಬ್ಯಾರೆ ಕಡೆಯಿಂದ ಯೋಳ್ತೀನಿ. ನಾನು ರಿದಮ್ ಪ್ಯಾಡ್ ಬಾರ್ಸೋನು, ಆರ್ಕೆಸ್ಟ್ರಾ, ಊರಬ್ಬ, ಕುರುಕ್ಷೇತ್ರ ನಾಟ್ಕ ಎಲ್ಲಾ ಕಡೀಕೂ ಓಯ್ತೀನಿ. ನಂಗೆ ಈ ಮ್ಯೂಸಿಷಿಯನ್ನಾ ಅಲ್ವಾ ಅನ್ನೋ ಜಗಳ ಬ್ಯಾಡ, ಒಟ್ಟೆಪಾಡಿನ ಜಗಳ ಐತೆ. ಮೊದ್ಲು ಒಂದು ರಸಮಂಜರಿ ಅಂದ್ರೆ ಕೀಬೋರ್ಡು, ಗಿಟಾರು, ಪ್ಯಾಡು, ತಬ್ಲ, ಡೋಲಕ್ಕು, ಕೊಳಲು, ಹಿಂಗೆ ಒಂದು ಟೆಂಪೋ ತುಂಬ ಜನ ಓಯ್ತಿದ್ವಿ. ಈಗ ಕಮಿಟಿಯೋರು 'ಟ್ರ್ಯಾಕ್ ಇದ್ರೆ ಸಾಕು ಬುಡ್ರಪ್ಪ' ಅಂತಾರೆ. ಒಬ್ಬ ಲ್ಯಾಪ್‌ಟಾಪ್ ಇಟ್ಕೊಂಡು ಕುಂತ್ರೆ ಮಿಕ್ಕೋರ್ಗೆ ಪೇಮೆಂಟೇ ಇಲ್ಲ. ಅದ್ಕೇ ಲ್ಯಾಪ್‌ಟಾಪ್ ನೋಡಿದ್ರೆ ನಮ್ಗೆ ಮೈ ಉರೀತದೆ. ಬೋಗಾದಿ ಅಣ್ಣ, ನಿಮ್ಮ ಮ್ಯಾಲೆ ಕ್ವಾಪ ಅಲ್ಲ ಇದು.

ಬೋಗಾದಿ_ಬೀಟ್ಸ್
ಇದು ನ್ಯಾಯವಾದ ಮಾತು ಅಣ್ಣ. ಆದ್ರೆ ಟ್ರ್ಯಾಕ್ ಪ್ಲೇ ಮಾಡೋನು ಬೇರೆ ನಾನು ಬೇರೆ ಅಲ್ವಾ? ಅವ್ನು ಒತ್ತೋದು ಒಂದೇ ಬಟನ್.

ರಿದಮ್‌ಪ್ಯಾಡ್_ಮಂಡ್ಯ
ಕೆಳಗ್ ನಿಂತಿರೋ ಜನಕ್ಕೆ ಅದೆಂಗೆ ಗೊತ್ತಾಯ್ತದೆ? ಇಬ್ರೂ ಪರದೆ ನೋಡ್ತಾ ತಲೆ ಆಡಿಸ್ತಿರ್ತೀರಿ. ನಾನ್ ಕೈ ಎತ್ತಿ ಒಡದ್ರೆ ಮಗೂಗೂ ಗೊತ್ತಾಯ್ತದೆ ಇವ್ನೇ ಬಾರ್ಸ್ತಾವ್ನೆ ಅಂತ.

ಸಿಗ್ನಲ್_ಲಾಸ್
ಇಂಜಿನಿಯರಿಂಗು ಅಷ್ಟೇ ಅನ್ನೋರಿಗೆ ಒಂದಿಷ್ಟು ಹಳೇ ಕಥೆ. 1957ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಅನ್ನೋರು ಐಬಿಎಂ 704 ಕಂಪ್ಯೂಟರ್ ಮೇಲೆ ಓಡೋ ಹಾಗೆ ಒಂದು ಪ್ರೋಗ್ರಾಂ ಬರೆದ್ರು, ಅದರ ಹೆಸರೇ ಮ್ಯೂಸಿಕ್. ಅದರಿಂದ ಬಂದ ಮೊದಲ್ನೇ ತುಣುಕು ಬರೀ 17 ಸೆಕೆಂಡ್. ಈಗಿನ ಹಾಗೆ ಟೈಪ್ ಮಾಡಿದ ತಕ್ಷಣ ಕೇಳ್ಸ್ತಿರ್ಲಿಲ್ಲ, ಲೆಕ್ಕ ಒಂದು ಕಡೆ ಮಾಡ್ಸಿ, ಟೇಪ್ ಹೊತ್ಕೊಂಡು ಬಂದು ಇನ್ನೊಂದು ಕಡೆ ಶಬ್ದಕ್ಕೆ ತಿರುಗಿಸ್ಬೇಕಿತ್ತು. ಮ್ಯಾಥ್ಯೂಸ್ ಸ್ವತಃ ಹವ್ಯಾಸಿ ಪಿಟೀಲು ವಾದಕರು. ಆಮೇಲೆ ಸ್ಟ್ಯಾನ್‌ಫರ್ಡಲ್ಲಿ ಜಾನ್ ಚೌನಿಂಗ್, ಇವರು ಇಂಜಿನಿಯರ್ರೇ ಅಲ್ಲ, ಸಂಗೀತ ಓದ್ತಿದ್ದೋರು, ಪ್ರೋಗ್ರಾಮಿಂಗ್ ಕಲ್ತು 1967ರ ಸುಮಾರಿಗೆ ಒಂದು ಸ್ವರದ ಕಂಪನವನ್ನ ಜಾಸ್ತಿ ಮಾಡ್ತಾ ಮಾಡ್ತಾ ಹೋದ್ರು. ಒಂದು ಹಂತ ದಾಟಿದ್ಮೇಲೆ ಅದು ಕಂಪನ ಅಂತ ಕೇಳೋದೇ ನಿಂತು ಬೇರೇನೇ ನಾದವಾಗಿ ಕೇಳ್ತು. ಎಫ್‌ಎಂ ಸಿಂಥೆಸಿಸ್ ಹುಟ್ಟಿದ್ದು ಹಾಗೆ, ಅದನ್ನ ಯಮಹಾದವ್ರು ತಗೊಂಡು 1983ರಲ್ಲಿ ಡಿಎಕ್ಸ್7 ಕೀಬೋರ್ಡ್ ಮಾಡಿದ್ರು. ನಿಮ್ಮನ್ನ ನೋಡಿ ನಕ್ಕ ಕೀಬೋರ್ಡ್ ಪ್ಲೇಯರ್ ಎಲೆಕ್ಟ್ರಿಕ್ ಪಿಯಾನೋ ಟೋನ್ ಒತ್ತಿದಾಗೆಲ್ಲಾ ಅದರಲ್ಲಿ ಯಾರೋ ಬರೆದ ಪ್ರೋಗ್ರಾಮೇ ನುಡಿತಿರೋದು. ಈಗ ನಾವು ಬಳ್ಸೋ ಮ್ಯಾಕ್ಸ್ ಅನ್ನೋ ಸಾಫ್ಟ್‌ವೇರ್ ಕೂಡ ಅದೇ ಮ್ಯಾಥ್ಯೂಸ್ ಮಾಡಿದ್ದು.

ಟಿಲ್ಡೆ_ತಿಮ್ಮ
ಮ್ಯಾಕ್ಸ್ ಮಾಡಿದ್ದು ಮಿಲ್ಲರ್ ಪಕೆಟ್, ಪ್ಯಾರಿಸ್‌ನ ಇರ್ಕಾಮ್ ಅನ್ನೋ ಸಂಗೀತ ಸಂಶೋಧನಾ ಕೇಂದ್ರದಲ್ಲಿ, 80ರ ದಶಕದಲ್ಲಿ. ಮ್ಯಾಥ್ಯೂಸ್ ಅವರ ಗೌರವಕ್ಕೆ ಹೆಸರು ಮಾತ್ರ. ಅದೇ ಪಕೆಟ್ 90ರ ದಶಕದಲ್ಲಿ ಪ್ಯೂರ್ ಡೇಟಾ ಬರೆದು ಫ್ರೀಯಾಗಿ ಬಿಟ್ರು. ಬೋಗಾದಿಯವ್ರು ದುಡ್ಡು ಕೊಡದೆ ಮಜಾ ಮಾಡ್ತಿರೋದು ಅದಕ್ಕೇ.

ಮದ್ದೂರ್_ವಡೆ
ಟ್ರಾನ್ಸ್‌ಪೋಸ್ ಬಟನ್ ಒತ್ಕೊಂಡು ಎಲ್ಲಾ ಹಾಡನ್ನೂ ಬಿಳಿ ಮನೆಯಲ್ಲೇ ಬಾರಿಸ್ತಾರಲ್ಲ ನಮ್ಮ ಕೀಬೋರ್ಡ್ ಅಣ್ಣಂದ್ರು, ಅವರು ಯಾವ ಕೆಟಗರಿ? ಬಟನ್ ಆಪರೇಟರ್ರಾ?

ವಿವಿಮೊಹಲ್ಲಾ_ವೀಣೆ
ನಾನು ವೀಣೆ ಪಾಠ ಹೇಳ್ಕೊಡೋಳು. ರಾಯರು ಹೇಳಿದ್ದು ಅರ್ಧ ಒಪ್ತೀನಿ, ಅರ್ಧ ಇಲ್ಲ.

ವೀಣೆಗೆ ಮೇಳ ಕಟ್ಟೋದನ್ನ ಯಾರಾದ್ರೂ ಕೂತ್ಕೊಂಡು ನೋಡಿದೀರಾ? ಮೇಣಕ್ಕೆ ಕಪ್ಪು ಪುಡಿ ಬೆರೆಸಿ ದಂಡಿಯ ಎರಡೂ ಕಡೆ ಗೋಡೆ ಥರ ಕಟ್ಟಿ, ಅದರ ಮೇಲೆ 24 ಮೆಟ್ಟಿಲು ಒಂದೊಂದಾಗಿ ಕೂರಿಸ್ತಾರೆ. ಒಂದು ಮೆಟ್ಟಿಲು ಇಡೋದು, ತಂತಿ ಮೀಟೋದು, ಕಿವಿ ಕೊಡೋದು, ಕೂದಲೆಳೆಯಷ್ಟು ಸರಿಸೋದು, ಮತ್ತೆ ಮೀಟೋದು. ಬೇಸಿಗೆಲಿ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗಿದ್ರೆ ಇನ್ನೊಂದ್ಸಲ ಅದೇ ಕೆಲ್ಸ. ನಮ್ಮನೆಗೆ ಬರೋ ಆಚಾರ್ರು ವೇದಿಕೆ ಹತ್ತಿ ಕಛೇರಿ ಮಾಡಿದೋರಲ್ಲ, ಆದ್ರೆ ಅಂತರ ಗಾಂಧಾರ ಎಲ್ಲಿ ನಿಲ್ಬೇಕು ಅಂತ ಅವರ ಕಿವಿಗೆ ಗೊತ್ತಿರೋವಷ್ಟು ನನ್ನ ಎಷ್ಟೋ ಸೀನಿಯರ್ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಅವರನ್ನ ಸಂಗೀತಗಾರ ಅಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಈಗ ಬೋಗಾದಿಯವರಿಗೆ ನನ್ನ ಪ್ರಶ್ನೆ. ನಿಮ್ಮ ಪ್ರೋಗ್ರಾಮಲ್ಲಿ ತೋಡಿ ರಾಗದ ಗಾಂಧಾರ ಬರುತ್ತಾ? ಸಾಧಾರಣ ಗಾಂಧಾರದ ಸಂಖ್ಯೆ ಹಾಕ್ಬಿಟ್ರೆ ತೋಡಿ ಆಗಲ್ಲ, ಅದು ಗೊತ್ತಿರ್ಬೇಕು ನಿಮಗೆ. ನಾವು ರಿಷಭದ ಮೆಟ್ಟಿಲ ಮೇಲೇ ತಂತಿ ಎಳೆದು ಮಧ್ಯಮದ ಕಡೆ ಹೋಗಿ ಬಂದು ಅದನ್ನ ತರ್ತೀವಿ. ಅದು ಬಂದ್ರೆ ನಾನು ನಿಮ್ಮ ಪಕ್ಷ.

ಅಗ್ರಹಾರದ_ರಾಯರು
ಒಳ್ಳೇ ಪ್ರಶ್ನೆ ಕೇಳಿದ್ರಿ ಅಮ್ಮ. ಆಚಾರ್ರ ವಿಷಯದಲ್ಲಿ ನಂದೂ ತಕರಾರಿಲ್ಲ, ಅವರು ವಾದ್ಯಶಿಲ್ಪಿ. ಶಿಲ್ಪಿ ಬೇರೆ, ವಾದಕ ಬೇರೆ.

ಹೆಬ್ಬಾಳ್_ಹ್ಯಾಸ್ಕೆಲ್
ರಾಯರೇ ಒಂದು ಡೌಟು. ಎಂಟನೇ ಕ್ರಾಸ್ ಗಣಪತಿ ಕಛೇರಿಗೆ ನಾನೂ ವರ್ಷಾ ವರ್ಷಾ ಬರ್ತೀನಿ. ಪೆಟ್ಟಿಗೆಯಿಂದ ಬರೋ ತಂಬೂರಿ ನಾದಕ್ಕೆ ಯಾರೂ ಆಕ್ಷೇಪ ಎತ್ತಿದ್ದು ನಾನ್ ಕಾಣೆ. ಬೆಂಗಳೂರಿನ ರಾಡೆಲ್ ಕಂಪನಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ತಂದಿದ್ದು 1979ರಲ್ಲಿ, ಕಟ್ಟಿದೋರು ಇಂಜಿನಿಯರ್ರೂ ಹೌದು, ಕೊಳಲು ನುಡ್ಸೋರೂ ಹೌದು. ಹಿಂದೆ ಕೂತು ತಂಬೂರಿ ಮೀಟ್ತಿದ್ದ ಶಿಷ್ಯರ ಜಾಗಕ್ಕೆ ಚಿಪ್ ಬಂತು, ಅದು ಶಾಸ್ತ್ರೀಯ. ಬೋಗಾದಿ ಹುಡುಗ ಅದೇ ಚಿಪ್ಪಲ್ಲಿ ರಾಗ ಹುಡುಕಿದ್ರೆ ಆಪರೇಟರ್?

ಅಗ್ರಹಾರದ_ರಾಯರು
ಶ್ರುತಿ ಪೆಟ್ಟಿಗೆ ಆಧಾರಕ್ಕೆ ಇರೋದು ಸ್ವಾಮಿ, ಅದು ಹಾಡಲ್ಲ. ಪೆಟ್ಟಿಗೆಗೆ ಯಾರೂ ಶಾಲು ಹೊದಿಸಿ ಸನ್ಮಾನ ಮಾಡಲ್ಲ.

ರಿದಮ್‌ಪ್ಯಾಡ್_ಮಂಡ್ಯ
ಸನ್ಮಾನ ಅಂದ್ರಲ್ಲ, ನಮ್ಮ ಕಡೆ ಹಾರ್ಮೋನಿಯಂ ಮೇಷ್ಟ್ರಿಗೆ ಮಾಡೋ ಸನ್ಮಾನ ಯಾವ ವಿದ್ವಾಂಸರ್ಗೂ ಇಲ್ಲ ಬುಡಿ. ಹೊಲದಲ್ಲಿ ಕಬ್ಬು ಕಡಿಯೋನ್ನ ಕರ್ಕೊಂಬಂದು ಕೂರ್ಸಿ ತಿಂಗ್ಳಾನುಗಟ್ಲೆ ಪಾಠ ಏಳ್ಕೊಟ್ಟು ದುರ್ಯೋಧನ ಮಾಡ್ತರೆ. ಯಾರಿಗೆ ಯಾವ ಮನೆ ಶ್ರುತಿ, ಯಾವ್ ಮಾತ್ ಮುಗುದ್ ಮ್ಯಾಲೆ ಯಾವ್ ಕಂದ ಎತ್ಬೇಕು, ಯಾರು ಮರ್ತೋದ್ರೆ ಎಂಗೆ ಮುಚ್ಬೇಕು, ಎಲ್ಲಾ ಮೊದ್ಲೇ ಅವ್ರ ತಲೇಲಿ ಬರ್ದಿರ್ತದೆ. ಬೆಳಗಾನ ಆ ಪೆಟ್ಗೆ ಒತ್ತೋ ಕೈಗೆ ಗಮಕ ಬರಕಿಲ್ಲ ಅಂತ ಯಾವನ್ಲಾ ಕ್ಯಾತೆ ತೆಗ್ದವ್ನೆ?

ಸಿಗ್ನಲ್_ಲಾಸ್
ತೆಗ್ದಿದ್ರು ಅಣ್ಣ! ಹಾರ್ಮೋನಿಯಂನ ಆಲ್ ಇಂಡಿಯಾ ರೇಡಿಯೋದವ್ರು 1940ರಲ್ಲಿ ಬ್ಯಾನ್ ಮಾಡಿದ್ರು. ಸ್ವರದಿಂದ ಸ್ವರಕ್ಕೆ ಜಾರೋಕಾಗಲ್ಲ, ಗಮಕ ಬರಲ್ಲ, ಶ್ರುತಿ ವಿದೇಶಿ ಲೆಕ್ಕದ್ದು ಅಂತ. 1971ರಲ್ಲಿ ಅದನ್ನ ಸಡಿಲ ಮಾಡಿದ್ದು. ತಕರಾರು ಪೂರ್ತಿ ಸುಳ್ಳೂ ಅಲ್ಲ, ನಮ್ಮ ಅಂತರ ಗಾಂಧಾರ ತಂಬೂರಿಯ ನಾದದಲ್ಲಿ ತಾನಾಗೇ ಕೇಳ್ಸೋದು ಷಡ್ಜದಿಂದ ಸುಮಾರು 386 ಸೆಂಟ್ಸ್ (ಸ್ವರದ ಅಂತರ ಅಳೆಯೋ ಲೆಕ್ಕ) ಮೇಲೆ, ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಅದು 400. ತಮಾಷೆ ಏನಂದ್ರೆ ಬೋಗಾದಿಯವ್ರ ಪ್ರೋಗ್ರಾಮಲ್ಲಿ 386 ಅಂತ ಹಾಕಿದ್ರೆ 386ಏ ಬರುತ್ತೆ. ಹಾರ್ಮೋನಿಯಮ್ಮಿಗೆ ಇದ್ದ ಕೊರತೆ ಕೋಡಿಗೆ ಇಲ್ಲ.

ಒಂಟಿಕೊಪ್ಪಲ್_ಒಂಟಿ
ರೇಡಿಯೋ ವಿಷ್ಯ ಬಂತು ಅಂತ ಹೇಳ್ತಿದೀನಿ, ಆಕಾಶವಾಣಿ ಅನ್ನೋ ಹೆಸರು ಹೋಗಿದ್ದೇ ನಮ್ಮ ಏರಿಯಾದಿಂದ. ಎಂ.ವಿ. ಗೋಪಾಲಸ್ವಾಮಿ ಅಂತ ಸೈಕಾಲಜಿ ಪ್ರೊಫೆಸರ್ರು 1935ರಲ್ಲಿ ತಮ್ಮ ಮನೆಯಿಂದಲೇ ಸ್ಟೇಷನ್ ಶುರು ಮಾಡಿದ್ರು. ಸಂಬಂಧ ಇಲ್ಲ, ಆದ್ರೂ ಹೇಳ್ಬೇಕು ಅನ್ನಿಸ್ತು.

ಮದ್ದೂರ್_ವಡೆ
ಮೈಸೂರಿನವ್ರು ಯಾವ್ ಟಾಪಿಕ್ ಆದ್ರೂ ಕೊನೆಗೆ 'ಅದು ನಮ್ಮ ಏರಿಯಾ' ಅಂತಲೇ ನಿಲ್ಸೋದು.

ಟಿನರಸೀಪುರ_ತಾಳ
ಏರಿಯಾ ಅಂದ್ರೆ ನಂದೂ ಇರ್ಲಿ. ಪಿಟೀಲು ಚೌಡಯ್ಯನವರು ನಮ್ಮ ತಿರುಮಕೂಡಲಿನವರು. ಮೈಕ್ ಇಲ್ಲದ ಕಾಲ, ಹಿಂದಿನ ಸಾಲಿಗೆ ಪಿಟೀಲು ಕೇಳ್ಸ್ತಿರ್ಲಿಲ್ಲ ಅಂತ ನಾಲ್ಕು ತಂತಿ ಏಳು ಮಾಡಿದ್ರು. ಅದು ವಾದ್ಯಶಿಲ್ಪಾನಾ ವಾದನಾನಾ ರಾಯರೇ? ಎರಡನ್ನೂ ಅವರೇ ಮಾಡಿದ್ರು.

ಇರ್ಲಿ, ನಾನು ಹೇಳೋಕೆ ಬಂದಿದ್ದು ಲಯದ ವಿಷ್ಯ. ನಾನು ಮೃದಂಗ. ಕಛೇರಿಲಿ ಬರೀ ತಾಳವಾದ್ಯ ನುಡಿಸೋ ತನಿ ಆವರ್ತನದಲ್ಲಿ ಜನ ಚಪ್ಪಾಳೆ ತಟ್ಟೋ ಮುಕ್ತಾಯ ಇರುತ್ತಲ್ಲ, ಅದು ಆ ಕ್ಷಣಕ್ಕೆ ದೇವರು ಕೊಟ್ಟಿದ್ದು ಅಂದ್ಕೊಂಡಿರ್ತಾರೆ. ಮುಕ್ಕಾಲು ಪಾಲು ಮನೇಲಿ ಪೇಪರ್ ಮೇಲೆ ಲೆಕ್ಕ ಹಾಕಿರೋದೇ. ಆದಿತಾಳ ಒಂದು ಆವರ್ತಕ್ಕೆ ಚತುರಶ್ರ ನಡೆಯಲ್ಲಿ 32 ಮಾತ್ರೆ. 'ತದಿಗಿಣತೊಂ' ಐದು, ಎರಡು ಸಲ ಹೇಳಿದ್ರೆ ಹತ್ತು. ಆ ಹತ್ತನ್ನ ಮೂರು ಸಲ ಬಾರ್ಸಿ ನಡುವೆ ಒಂದೊಂದು ಮಾತ್ರೆ ಬಿಟ್ರೆ 30 ಪ್ಲಸ್ 2, ಸರಿಯಾಗಿ ಸಮಕ್ಕೆ, ಅಂದ್ರೆ ತಾಳದ ಮೊದಲ್ನೇ ಪೆಟ್ಟಿಗೆ, ಬಂದು ಬೀಳ್ತೀರಿ. ಇದು ಪ್ರೋಗ್ರಾಂ ಅಲ್ದೆ ಇನ್ನೇನು? ಏಳು ತಾಳ, ಐದು ಜಾತಿ, ಐದು ಗತಿ ಸೇರ್ಸಿ 175 ಅಂತ ಎಣ್ಸಿಟ್ಟೋರು ನಮ್ಮೋರೇ. ಲೆಕ್ಕ ಹಾಕೋದು ಸಂಗೀತ ಅಲ್ಲ ಅಂದ್ರೆ ನಾನು ಮೃದಂಗ ಮೂಲೆಗಿಡ್ಬೇಕಾಗುತ್ತೆ.

ಆದ್ರೆ ಒಂದು ಕೊಕ್ಕೆ ಇದೆ. ಆ ಲೆಕ್ಕ ಇಟ್ಕೊಂಡು ಕೂತಿರುವಾಗ ಹಾಡೋರು ಇವತ್ತು ಎಡುಪು (ತಾಳದಲ್ಲಿ ಹಾಡು ಎತ್ತೋ ಜಾಗ) ಬದಲಾಯಿಸ್ಬಿಟ್ರು ಅಂದ್ಕೊಳ್ಳಿ, ಅಲ್ಲೇ ಲೆಕ್ಕ ಮುರ್ದು ಬೇರೆ ಕಟ್ಬೇಕು. ನಿಮ್ಮ ಪ್ಯಾಚು ಪಕ್ಕದಲ್ಲಿ ಕೂತೋರನ್ನ ಕೇಳಿಸ್ಕೊಳ್ಳುತ್ತಾ? ನಂಗೆ ಅದೊಂದೇ ಪರೀಕ್ಷೆ.

ಹೆಬ್ಬಾಳ್_ಹ್ಯಾಸ್ಕೆಲ್
ಅದಕ್ಕೆ ಅಂತಲೇ ಲೈವ್ ಕೋಡಿಂಗ್ ಇದೆ ಸಾರ್. ವೇದಿಕೆ ಮೇಲೆ ಕೂತು ಜನರ ಎದುರಿಗೇ ಕೋಡ್ ಬರೀತಾ, ತಿದ್ದುತಾ ಹೋಗೋದು, ತಿದ್ದಿದ ಸಾಲು ಮುಂದಿನ ಆವರ್ತಕ್ಕೇ ನುಡಿಯುತ್ತೆ. ಟೈಡಲ್ ಸೈಕಲ್ಸ್ ಅಂತ ಒಂದು ಟೂಲ್, ಹ್ಯಾಸ್ಕೆಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಲಿ ಅಲೆಕ್ಸ್ ಮೆಕ್ಲೀನ್ ಬರೆದಿದ್ದು, ಅದ್ರಲ್ಲಿ ಎಲ್ಲಾನೂ ಆವರ್ತದ ಲೆಕ್ಕದಲ್ಲೇ ನಡ್ಯೋದು. ಎಂಟರ ಮನೆಯಲ್ಲಿ ಮೂರು ಪೆಟ್ಟು ಹಂಚು ಅಂದ್ರೆ 3, 3, 2 ಅಂತ ತಾನೇ ಹಂಚುತ್ತೆ. ಮಂಡ್ಯ ಅಣ್ಣ ಹೇಳಿದ 'ಜನಕ್ಕೆ ಎಂಗೆ ಗೊತ್ತಾಯ್ತದೆ' ಅನ್ನೋದಕ್ಕೂ ಅವರ ಹತ್ರ ಉತ್ತರ ಇದೆ. 2004ರಲ್ಲಿ ಟಾಪ್‌ಲ್ಯಾಪ್ ಅಂತ ಒಂದು ಗುಂಪು ಕಟ್ಟಿಕೊಂಡ್ರು, ಅವರ ಬೇಡಿಕೆಗಳಲ್ಲಿ ಒಂದು ಪರದೆ ಮುಚ್ಚಿಡಬೇಡಿ, ಪ್ರೊಜೆಕ್ಟರ್ ಹಾಕಿ ಎಲ್ರಿಗೂ ತೋರ್ಸಿ ಅನ್ನೋದು.

ರಿದಮ್‌ಪ್ಯಾಡ್_ಮಂಡ್ಯ
ಊರಬ್ಬದಲ್ಲಿ ಪ್ರೊಜೆಕ್ಟರ್ ಹಾಕುದ್ರೆ ಕ್ರಿಕೆಟ್ ಹಾಕು ಅಂತ ಕೂಗ್ತರೆ ಸಾ.

ಬೋಗಾದಿ_ಬೀಟ್ಸ್
ವೀಣೆ ಮೇಡಂ, ನಿಮ್ಮ ತೋಡಿ ಪ್ರಶ್ನೆ ಬಿಟ್ಟಿಲ್ಲ, ಕೂತು ಟ್ರೈ ಮಾಡಿ ಆಮೇಲೆ ಬರೀತಿದೀನಿ.

ಮೊದ್ಲು ಸುಲಭದ ದಾರಿ ಹಿಡ್ದೆ, ಗಾಂಧಾರದ ಮೇಲೆ ಒಂದು ನಿಧಾನದ ಸೈನ್ ತರಂಗ ಹಾಕಿ ಮೇಲೆ ಕೆಳಗೆ ಆಡ್ಸಿದೆ. ಆಂಬುಲೆನ್ಸ್ ಸದ್ದು ಬಂತು. ನಮ್ಮಮ್ಮ ಒಳಗಿಂದ 'ಏನೋ ಅದು, ಯಾರಿಗೇನಾಯ್ತೋ' ಅಂದ್ರು. ಸಮಸ್ಯೆ ಏನು ಅಂತ ಗೊತ್ತಾಗ್ಲಿಲ್ಲ, ಅಂತರ ಸರಿ, ವೇಗ ಸರಿ, ಆದ್ರೂ ತೋಡಿ ಅಲ್ಲ. ಆಮೇಲೆ ಒಂದು ಹಳೇ ವೀಣೆ ರೆಕಾರ್ಡಿಂಗ್ ಇಟ್ಕೊಂಡು, ಆ ಒಂದೇ ಒಂದು ಗಾಂಧಾರದ ಭಾಗ ಕತ್ತರಿಸಿ, ನಿಧಾನ ಮಾಡಿ ಕೇಳ್ತಾ ಹೋದೆ. ಸೈನ್ ತರಂಗ ಎಲ್ಲೂ ನಿಲ್ಲಲ್ಲ, ಒಂದೇ ಸಮ ಹತ್ತಿ ಒಂದೇ ಸಮ ಇಳಿಯುತ್ತೆ. ವಾದಕರು ಹಾಗೆ ಮಾಡಲ್ಲ. ಕೆಳಗೆ ರಿಷಭದ ಹತ್ರ ಒಂಚೂರು ಕೂರ್ತಾರೆ, ಆಮೇಲೆ ಗಕ್ಕನೆ ಮೇಲಕ್ಕೆ ಎಳೀತಾರೆ, ಮಧ್ಯಮ ಪೂರ್ತಿ ಮುಟ್ಟೋ ಮುಂಚೆನೇ ಬಿಡ್ತಾರೆ, ಎರಡನೇ ಸಲ ಎಳೆಯೋದು ಮೊದಲ್ನೇ ಸಲದಷ್ಟು ಇರಲ್ಲ. ಹಾಗಾಗಿ ಸೈನ್ ತೆಗೆದು ಒಂದೊಂದು ಏರಿಳಿತಕ್ಕೂ ಬೇರೆ ಬೇರೆ ಗೆರೆ ಬರೆದೆ, ಎಷ್ಟು ಹೊತ್ತು ನಿಲ್ಬೇಕು, ಎಷ್ಟು ಬೇಗ ಹತ್ಬೇಕು ಅಂತ. ಇನ್ನೊಂದು ವಿಷ್ಯ, ಕಾಲಪ್ರಮಾಣ ಎರಡರಷ್ಟು ಮಾಡಿದಾಗ ಗಮಕಾನೂ ಎರಡರಷ್ಟು ಓಡ್ಸಿದ್ರೆ ನಡುಕ ಬಂದಂಗೆ ಕೇಳುತ್ತೆ, ಆಡೋ ಸಲ ಕಮ್ಮಿ ಮಾಡ್ಬೇಕು.

ಕೀಬೋರ್ಡ್ ಹಾಕಿ ಸ್ವರ ಜಾರಿಸೋ ಬೆಂಡ್ ವೀಲಲ್ಲಿ ಮಾಡ್ಬಹುದಿತ್ತು ಅಂತ ಯಾರಾದ್ರೂ ಹೇಳೋ ಮುಂಚೆ, ವಾದ್ಯಕ್ಕೂ ಕಂಪ್ಯೂಟರ್ಗೂ ಮಾತಾಡ್ಸೋ ಮಾಮೂಲಿ ಮಿಡಿಯಲ್ಲಿ ಬೆಂಡ್ ಅನ್ನೋದು ಚಾನೆಲ್ ಪೂರ್ತಿಗೆ ಒಂದೇ, ಗಾಂಧಾರ ಎಳೆದ್ರೆ ಜೊತೆಗಿರೋ ಷಡ್ಜನೂ ಜಾರುತ್ತೆ. ಸ್ವರಕ್ಕೊಂದು ಚಾನೆಲ್ ಕೊಡೋ ಎಂಪಿಇ ಸ್ಟ್ಯಾಂಡರ್ಡ್ ಬಂದಿದ್ದು 2018ರಲ್ಲಿ.

ಆಡಿಯೋ ಹಾಕಿದೀನಿ, ಬೈಯೋದಿದ್ರೆ ಕೇಳಿ ಬೈರಿ.

ವಿವಿಮೊಹಲ್ಲಾ_ವೀಣೆ
ಕೇಳ್ದೆ. ಇಳಿಯೋದು ಇನ್ನೂ ಅವಸರ. ಎರಡನೇ ಎಳೆತ ಚೆನ್ನಾಗಿದೆ, ಅದು ನಿಜವಾಗ್ಲೂ ತೋಡಿ. ಗಾಂಧಾರದಿಂದ ರಿಷಭಕ್ಕೆ ಬರುವಾಗ ಮೀಟು ಬೇಡ, ಒಂದೇ ಮೀಟಿನ ಉಸಿರಲ್ಲಿ ಬರ್ಬೇಕು, ನೀವು ಎರಡು ಸಲ ಮೀಟಿದ ಹಾಗೆ ಕೇಳ್ತಿದೆ. ತಿದ್ದಿ ಇನ್ನೊಂದ್ಸಲ ಹಾಕಿ. ನನ್ನ ವಿದ್ಯಾರ್ಥಿಗಳಿಗೆ ಹೇಳೋದನ್ನೇ ನಿಮಗೂ ಹೇಳ್ತಿದೀನಿ ನೋಡಿ, ಅದರಲ್ಲೇ ನನ್ನ ಉತ್ತರ ತಗೊಳ್ಳಿ.

ಅಗ್ರಹಾರದ_ರಾಯರು
ನಾನೂ ಕೇಳ್ದೆ. ತೋಡಿ ಛಾಯೆ ಇದೆ, ಇಲ್ಲ ಅಂತ ಹೇಳಲ್ಲ. ಆದ್ರೆ ಒಂದು ಗಾಂಧಾರಕ್ಕೆ ಇಷ್ಟು ಪಾಡು ಪಟ್ರೆ ಅರ್ಧ ಗಂಟೆ ಆಲಾಪನೆಗೆ ಆಯಸ್ಸು ಸಾಲಲ್ಲಪ್ಪ. ಆ ಹೊತ್ತಲ್ಲಿ ವೀಣೆ ಕಲೀಬಹುದಿತ್ತಲ್ಲ? ನನ್ನ ಅಭಿಪ್ರಾಯ ಬದಲಾಗಿಲ್ಲ. ತಿದ್ದಿದ್ಮೇಲೆ ಕಳ್ಸಿ, ಕೇಳ್ತೀನಿ.

ಟಿಲ್ಡೆ_ತಿಮ್ಮ
ಅಭಿಪ್ರಾಯ ಬದಲಾಗಿಲ್ಲ ಆದ್ರೆ ಕಳ್ಸಿ. ಸೂಪರ್ ರಾಯರೇ.

ನಜರಬಾದ್_ನಾಯ್ಸ್
ಲೇಟಾಗಿ ಬಂದೆ. ಇದೆಲ್ಲಾ ಮೊನ್ನೆ ಮೊನ್ನೆ ಬಂದಿದ್ದು ಅಂದ್ಕೊಂಡಿರೋರಿಗೆ, ಅಹಮದಾಬಾದ್ ಎನ್‌ಐಡಿಗೆ ಮೂಗ್ ಸಿಂಥಸೈಜರ್ ಬಂದಿದ್ದು 1969ರಲ್ಲಿ. ಬಾಂಬೆಯ ಚರಣ್‌ಜಿತ್ ಸಿಂಗ್ ಸಿನಿಮಾ ಸಂಗೀತಕ್ಕೆ ನುಡಿಸ್ತಿದ್ದೋರು, 1982ರಲ್ಲಿ ರೋಲ್ಯಾಂಡ್‌ನ 303 ಬೇಸ್ ಮೆಷಿನ್, 808 ಡ್ರಮ್ ಮೆಷಿನ್ ಇಟ್ಕೊಂಡು ರಾಗಗಳ ಒಂದು ರೆಕಾರ್ಡೇ ತಂದ್ರು. ಆಗ ಯಾರೂ ತಲೆ ಕೆಡಿಸ್ಕೊಳ್ಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಹೊರದೇಶದೋರು ಕೇಳಿ, ಷಿಕಾಗೋದ ಆಸಿಡ್ ಹೌಸ್‌ಗಿಂತ ಮೊದ್ಲೇ ಈ ಸದ್ದು ಇಲ್ಲಿ ಬಂದಿತ್ತಲ್ಲ ಅಂತ ಬಾಯ್ಮೇಲೆ ಬೆರಳಿಟ್ರು. 303ಗೆ ಕೀಬೋರ್ಡ್ ಥರ ಬೆರಳಾಡಿಸಿ ನುಡ್ಸೋ ಹಾಗಿಲ್ಲ, ಒಂದೊಂದೇ ಸ್ವರ, ಎಲ್ಲಿ ಒತ್ತು, ಎಲ್ಲಿ ಜಾರು ಅಂತ ಮುಂಚೆನೇ ತುಂಬ್ಸಿಡ್ಬೇಕು. ಅದೂ ಪ್ರೋಗ್ರಾಮಿಂಗೇ.

ಒಂಟಿಕೊಪ್ಪಲ್_ಒಂಟಿ
ಈಗ ಅದೂ ಬೇಡ, 'ಮಳೆ ಹಾಡು ಮಾಡ್ಕೊಡು' ಅಂತ ಎಐಗೆ ಹೇಳಿದ್ರೆ ಮುಗೀತು. ಅವನೂ ಮ್ಯೂಸಿಷಿಯನ್ನಾ ಹಂಗಾದ್ರೆ?

ಟಿನರಸೀಪುರ_ತಾಳ
ಕೇಟರಿಂಗಿಗೆ ಆರ್ಡರ್ ಕೊಟ್ಟೋನನ್ನ ಭಟ್ರು ಅಂತಾರಾ? ಬೋಗಾದಿಯವ್ರು ಆ ಗಾಂಧಾರ ತಪ್ಪು ಅಂತ ತಾವೇ ಕೇಳಿ ಕಂಡ್ಕೊಂಡ್ರು, ಎಲ್ಲಿ ತಪ್ಪು ಅಂತ ಹುಡುಕಿ ತಿದ್ದಿದ್ರು. ಇದನ್ನೂ ಅದನ್ನೂ ಒಂದೇ ಗಾಡಿಗೆ ಹತ್ತಿಸ್ಬೇಡಿ.

ರಿದಮ್‌ಪ್ಯಾಡ್_ಮಂಡ್ಯ
ಆ ಆಡಿಯೋ ನಾನೂ ಕೇಳ್ದೆ ಕನಣ್ಣ. ತೋಡಿ ಗೀಡಿ ನಂಗೆ ಅಷ್ಟು ತಿಳಿಯಕಿಲ್ಲ, ಆದ್ರೆ ಕೆಳಗಡೆ ಒಂದು ದಪ್ಪ ಸೌಂಡ್ ಗುಂಯ್ ಅಂತದಲ್ಲ, ಅದು ಭಾಳ ಇಷ್ಟ ಆಯ್ತು. ಅಂಥದ್ದನ್ನ ನನ್ನ ಪ್ಯಾಡಿಗೆ ಕಟ್ಬೋದಾ? ನಾನ್ ಒಡುದ್ರೆ ನಿಮ್ಮ ಕಂಪ್ಯೂಟರ್ ನುಡೀಬೇಕು. ಆಗ ಕಮಿಟಿಯೋರು ಇಬ್ರಿಗೂ ಪೇಮೆಂಟ್ ಕೊಡ್ಬೇಕಾಯ್ತದೆ. ಒಡುದ್ ಮ್ಯಾಲೆ ಸೌಂಡು ಲೇಟಾಗಿ ಬಂದ್ರೆ ಮಾತ್ರ ಆಗಾಕಿಲ್ಲ, ಕೈಗೆ ಗೊತ್ತಾಗೋಯ್ತದೆ.

ಬೋಗಾದಿ_ಬೀಟ್ಸ್
ಆರಾಮಾಗಿ ಆಗುತ್ತೆ ಅಣ್ಣ! ಲೇಟಾಗೋದು ಬಫರ್ ಮೇಲೆ, ಅಂದ್ರೆ ಕಂಪ್ಯೂಟರ್ ಒಂದ್ಸಲಕ್ಕೆ ಎಷ್ಟು ಶಬ್ದ ಕೂಡಿಟ್ಕೊಳ್ಳುತ್ತೆ ಅನ್ನೋದರ ಮೇಲೆ ಹೋಗುತ್ತೆ. 512 ಸ್ಯಾಂಪಲ್ ಇಟ್ರೆ ಬಫರಿಂದಲೇ ಸುಮಾರು 12 ಮಿಲಿಸೆಕೆಂಡ್ ತಡ, ನಿಮ್ಮ ಕೈಗೆ ಖಂಡಿತ ಗೊತ್ತಾಗುತ್ತೆ. 128ಕ್ಕೆ ಇಳ್ಸಿದ್ರೆ ಮೂರರ ಹತ್ರ ಬರುತ್ತೆ, ಕಾರ್ಡು ಡ್ರೈವರ್ದು ಅಂತ ಇನ್ನೊಂಚೂರು ಸೇರುತ್ತೆ ಅಷ್ಟೇ. ಎಷ್ಟು ಜೋರಾಗಿ ಹೊಡುದ್ರಿ ಅನ್ನೋದನ್ನೂ ಪ್ಯಾಡು 1ರಿಂದ 127ರ ತನಕ ಕಳ್ಸುತ್ತೆ, ಅದನ್ನ ಬರೀ ವಾಲ್ಯೂಮಿಗೆ ಹಾಕೋ ಬದ್ಲು ಗುಂಯ್ ಎಷ್ಟು ಹೊತ್ತು ಉಳೀಬೇಕು ಅನ್ನೋದಕ್ಕೆ ಕಟ್ತೀನಿ. ಪ್ಯಾಡಿಗೆ ಯುಎಸ್‌ಬಿ ಇದೆಯಾ?

ರಿದಮ್‌ಪ್ಯಾಡ್_ಮಂಡ್ಯ
ಇಲ್ಲ ಕನಣ್ಣ, ಹಳೇ ಮಾಡಲ್ಲು. ಹಿಂದೆ ರೌಂಡಾಗಿ ಐದು ತೂತಿನ ಪಿನ್ ಐತೆ, ಇದುವರ್ಗೂ ಅದುನ್ನ ಮುಟ್ಟೇ ಇಲ್ಲ.

ಟಿಲ್ಡೆ_ತಿಮ್ಮ
ಅದೇ ಮಿಡಿ ಔಟ್. ಮಿಡಿಯಿಂದ ಯುಎಸ್‌ಬಿಗೆ ಹೋಗೋ ಕೇಬಲ್ ತಗೊಳ್ಳಿ, ತೀರಾ ಅಗ್ಗದ್ದು ಬೇಡ, ಜೋರಾಗಿ ರೋಲ್ ಹೊಡೀವಾಗ ಪೆಟ್ಟು ನುಂಗ್ಬಿಡುತ್ತೆ. ಮತ್ತೆ ಕೇಬಲ್ ಮೇಲೆ ಇನ್ ಅಂತ ಬರೆದಿರೋದನ್ನ ಪ್ಯಾಡಿನ ಔಟಿಗೆ ಹಾಕ್ಬೇಕು, ಉಲ್ಟಾ ಹಾಕಿ ಕೆಲ್ಸ ಮಾಡ್ತಿಲ್ಲ ಅಂತ ಬೋಗಾದಿಯವ್ರಿಗೆ ರಾತ್ರಿ ಎಲ್ಲಾ ಫೋನ್ ಮಾಡ್ಬೇಡಿ.